ಕುಡಿತ ಬಿಡಿಸಲು ಕೂಡಿಹಾಕಬೇಕಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಇರಲಿ

ಸಂಪಾದಕರಿಗೆ ನಮಸ್ಕಾರ.

ಕುಡಿತದ ಬಗ್ಗೆ ಪತ್ರಿಕೆಗಳಿಗೆ ಬರುವ ಓದುಗರ ಪತ್ರಗಳನ್ನು ನಾನು ತಪ್ಪದೆ ಓದುತ್ತೇನೆ. ಕೆಲವರು ಬಾರ್ ಮುಚ್ಚಿಸಿ ಎನ್ನುತ್ತಾರೆ. ಇನ್ನು ಕೆಲವರು ಕುಡಿಯುವವರನ್ನು ಹಿಡಿದು ಯಾವುದಾದರೂ ಕೇಂದ್ರಕ್ಕೆ ಹಾಕಿ ಎನ್ನುತ್ತಾರೆ. ಮನೆಯಲ್ಲೇ ಇದ್ದು, ಕೆಲಸಕ್ಕೂ ಹೋಗುತ್ತಾ, ಆಗಾಗ ಆಸ್ಪತ್ರೆಗೆ ಹೋಗಿ ಬಂದು ಕುಡಿತ ಬಿಡಬಹುದು ಅಂತ ಬರೆದವರು ನನ್ನ ಕಣ್ಣಿಗೆ ಬಿದ್ದಿಲ್ಲ. ನನ್ನ ಗಂಡ ಬಿಟ್ಟಿದ್ದು ಹಾಗೆಯೇ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ ನಮ್ಮದು. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ನನ್ನ ಗಂಡ ಗಾರೆ ಕೆಲಸದ ಮೇಸ್ತ್ರಿ. ಒಳ್ಳೆ ಕೆಲಸಗಾರ, ಗೋಡೆ ಎಬ್ಬಿಸಿದರೆ ದಾರ ಹಿಡಿದು ನೋಡಬೇಕಿಲ್ಲ. ಮೊದಲು ಶನಿವಾರ ಬಟವಾಡೆ ಆದಮೇಲೆ ಮಾತ್ರ ಕುಡಿಯುತ್ತಿದ್ದರು. ಆಮೇಲೆ ದಿನಾ ಸಂಜೆ ಆಯಿತು. ಕೊನೆಗೆ ಬೆಳಿಗ್ಗೆ ಎದ್ದ ಕೂಡಲೇ ಒಂದು ನೈಂಟಿ ಪ್ಯಾಕೆಟ್ ಹೊಟ್ಟೆಗೆ ಹೋಗದಿದ್ದರೆ ಕರಣೆ ಹಿಡಿಯಲು ಆಗದಷ್ಟು ಕೈ ನಡುಗುತ್ತಿತ್ತು.

ರವಿಕೆ ಅಳತೆ ಕೊಡಲು ಬರುವ ಹೆಂಗಸರ ಹತ್ತಿರ ಈ ಮಾತು ಬಂದರೆ ಸಾಕು, ಪ್ರತಿಯೊಬ್ಬರ ಮನೆಯಲ್ಲೂ ಒಂದು ಕಥೆ. ಗಂಡ, ಮೈದುನ, ಈಗೀಗ ಮಗ. ಎಲ್ಲರೂ ಕೇಳುವುದು ಒಂದೇ: ಯಾವ ಪುಡಿ ಒಳ್ಳೆಯದು? ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಹಾಕುವ ಪುಡಿ ಅದು. ನಮ್ಮತ್ತೆಯೂ ಸಂತೆಯಿಂದ ಒಂದು ಡಬ್ಬಿ ತಂದಿದ್ದರು. ಅದರ ಮೇಲೆ ಏನು ಬೆರೆಸಿದ್ದಾರೆ ಅಂತ ಬರೆದಿರಲಿಲ್ಲ. ನಾನು ಒಲೆ ಹತ್ತಿರ ಅದನ್ನು ಬರಗೊಡಲಿಲ್ಲ. ಪಾಪ, ಅವರದ್ದೂ ತಾಯಿ ಕರುಳು ಅಲ್ವಾ? ಮಗ ಉಳಿಯಲಿ ಅಂತ ತಂದಿದ್ದು.

ಈ ವಿಷಯ ಎಲ್ಲ ಮನೆಗೂ ತಲುಪಬೇಕು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅನ್ನುವ ಒಂದು ಮಾತ್ರೆ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಗಾಗುತ್ತದೆ, ವಾಂತಿ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಇಳಿಯುತ್ತದೆ. ಹೃದಯದ ತೊಂದರೆ ಇದ್ದವರ ಜೀವಕ್ಕೇ ಅಪಾಯ. ಕೊನೆಯ ಮಾತ್ರೆ ನುಂಗಿ ಎರಡು ವಾರ ಆಗಿದ್ದರೂ ಹೀಗೆ ಆಗಬಹುದು. ಗೊತ್ತಿದ್ದು, ಒಪ್ಪಿಕೊಂಡು, ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಂಡರೆ ಕೆಲವರಿಗೆ ಅದು ಒಳ್ಳೆಯ ಔಷಧಿಯೇ. ಕದ್ದು ಊಟಕ್ಕೆ ಹಾಕುವುದು ಮಾತ್ರ ಬೇಡವೇ ಬೇಡ. ಒಳಗೇನಿದೆ ಅಂತ ಬರೆದೇ ಇರದ ಪುಡಿಯಂತೂ ಇನ್ನೂ ಬೇಡ.

ದಿಢೀರ್ ಅಂತ ನಿಲ್ಲಿಸುವುದರ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ತುಂಬಾ ಜನ ಕುಡಿತ ಬಿಡುವುದು ಅಯ್ಯಪ್ಪನ ಮಾಲೆ ಹಾಕಿದಾಗ, ಇಲ್ಲವೇ ದೇವರ ಮುಂದೆ ಆಣೆ ಮಾಡಿದಾಗ. ಮಾಲೆ ಹಾಕುವುದು ಒಳ್ಳೆಯದೇ. ಆದರೆ ಬೆಳಿಗ್ಗೆಯಿಂದಲೇ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಯಲ್ಲಿ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಒಳಗೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ, ಯಾರ ಗುರುತೂ ಸಿಗುವುದಿಲ್ಲ. ಆ ಸ್ಥಿತಿಯಲ್ಲಿ ಜೀವ ಹೋದವರಿದ್ದಾರೆ. ನಮ್ಮ ಬೀದಿಯಲ್ಲೇ ಒಬ್ಬರು ಮಾಲೆ ಹಾಕಿದ ಮರುದಿನ ಫಿಟ್ಸ್ ಬಂದು ಬಿದ್ದರು. ಯಾರೋ ಮಾಟ ಮಾಡಿಸಿದ್ದಾರೆ ಅಂತ ಜನ ಮಾತಾಡಿಕೊಂಡರು. ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಸಂಜೆಯಾಗಿತ್ತು. ಮಾಲೆಗೆ ಮೊದಲು ಒಂದು ಸಲ ಡಾಕ್ಟರಿಗೆ ತೋರಿಸಿಕೊಂಡಿದ್ದರೆ ಇದೆಲ್ಲ ಆಗುತ್ತಿರಲಿಲ್ಲ.

ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನನಗೆ ಅದು ಗೊತ್ತಾಗಿದ್ದು ಒಬ್ಬ ಆಶಾ ಕಾರ್ಯಕರ್ತೆಯಿಂದ. ತಲೆ ಕೆಟ್ಟವರು ಹೋಗುವ ಜಾಗ ಅಂತ ಗಂಡ ಮೊದಲು ಹಟ ಮಾಡಿದರು. ಕೈ ನಡುಕಕ್ಕೆ ತೋರಿಸೋಣ ಬನ್ನಿ ಅಂದೆ. ಅದಕ್ಕೆ ಒಪ್ಪಿದರು.

ಡಾಕ್ಟರ್ ಬೈಯಲಿಲ್ಲ. ದಿನಕ್ಕೆ ಎಷ್ಟು, ಎಷ್ಟು ಹೊತ್ತಿಗೆ ಶುರು, ಹಿಂದೆ ಯಾವತ್ತಾದರೂ ಫಿಟ್ಸ್ ಬಂದಿತ್ತಾ, ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರಾ ಅಂತ ಕೇಳಿದರು. ಬಿಪಿ ನೋಡಿ, ಲಿವರ್ ಪರೀಕ್ಷೆಗೆ ರಕ್ತ ಕೊಡಿಸಿದರು. ಹಿಂದೆ ಫಿಟ್ಸ್ ಬಂದಿದ್ದರೆ, ಲಿವರ್ ಕೆಟ್ಟಿದ್ದರೆ, ಒಂಟಿಯಾಗಿದ್ದರೆ ದಾಖಲಾಗಲೇಬೇಕು ಅಂದರು. ನಮ್ಮವರಿಗೆ ಅಂಥದ್ದೇನೂ ಇರಲಿಲ್ಲ. ಮನೆಯಲ್ಲೇ ಮಾಡಬಹುದು ಅಂತ ನಡುಕ, ಫಿಟ್ಸ್ ತಡೆಯುವ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆ ಬರೆದರು, ಜೊತೆಗೆ ಥಯಾಮಿನ್ ವಿಟಮಿನ್. ಮಾತ್ರೆ ದಿನದಿನಕ್ಕೆ ಇಳಿಸುತ್ತಾ ಹೋಗುವ ಲೆಕ್ಕವನ್ನು ನರ್ಸ್ ಒಂದು ಹಾಳೆ ಮೇಲೆ ಬರೆದುಕೊಟ್ಟರು: ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ರಾತ್ರಿ ಇಷ್ಟು. ಅದನ್ನು ಹೊಲಿಗೆ ಮಿಷನ್ ಮೇಲಿನ ಗೋಡೆಗೆ ಅಂಟಿಸಿದೆ. ಮಾತ್ರೆ ನನ್ನ ಬೀರುವಿನಲ್ಲಿ, ಕೀಲಿ ನನ್ನ ಸೆರಗಿನಲ್ಲಿ. ಕೊಟ್ಟಿದ್ದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ಎರಡು ಕೈ ಮುಂದೆ ಚಾಚಿಸಿ, ಬೆರಳು ಅಗಲಿಸಿ ನಡುಕ ನೋಡುವುದನ್ನೂ ನರ್ಸ್ ಕಲಿಸಿಕೊಟ್ಟಿದ್ದರು. ಮೊದಲ ರಾತ್ರಿ ಬನಿಯನ್ ಎರಡು ಸಲ ಬದಲಿಸುವಷ್ಟು ಬೆವರಿದರು. ಮಾತು ತಪ್ಪಿದರೆ, ಇಲ್ಲದ್ದು ಕಂಡರೆ, ಫಿಟ್ಸ್ ಬಂದರೆ ಎಷ್ಟು ಹೊತ್ತಾದರೂ 108 ಕರೆಸಿ ಅಂದಿದ್ದರು. ಅದರ ಅಗತ್ಯ ಬೀಳಲಿಲ್ಲ. ವಾರ ಕಳೆಯುವಷ್ಟರಲ್ಲಿ ಲೋಟ ಒಂದೇ ಕೈಯಲ್ಲಿ ಹಿಡಿದು ಕಾಫಿ ಕುಡಿದರು.

ನಡುಕ ನಿಂತ ಮೇಲೆ ಎಲ್ಲ ಮುಗಿಯಿತು ಅಂತ ಜನ ಆಸ್ಪತ್ರೆಗೆ ಹೋಗುವುದನ್ನೇ ನಿಲ್ಲಿಸುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಆಮೇಲೆ. ನಾಲ್‌ಟ್ರೆಕ್ಸೋನ್ ಅಂತ ದಿನಕ್ಕೊಂದು ಮಾತ್ರೆ ಕೊಟ್ಟರು. ಕುಡಿದಾಗ ಸಿಗುವ ಖುಷಿಯನ್ನು ಅದು ತಗ್ಗಿಸುತ್ತದೆ, ಬೇಕು ಅನ್ನುವ ಸೆಳೆತ ಕಡಿಮೆಯಾಗುತ್ತದೆ. ಅಕಾಂಪ್ರೊಸೇಟ್ ಅನ್ನುವ ಮಾತ್ರೆಯೂ ಇದೆಯಂತೆ. ಯಾರಿಗೆ ಯಾವುದು ಅಂತ ಡಾಕ್ಟರೇ ಹೇಳಬೇಕು.

ಮಾತ್ರೆಗಿಂತ ಜಾಸ್ತಿ ಉಪಯೋಗ ಆಗಿದ್ದು ಕೌನ್ಸೆಲಿಂಗ್‌ನಿಂದ ಅಂತ ನನ್ನ ಅನಿಸಿಕೆ. ಕೌನ್ಸೆಲರ್ ಉಪದೇಶ ಮಾಡಲಿಲ್ಲ, ಪ್ರಶ್ನೆ ಕೇಳಿದರು. ಯಾವ ವಾರ, ಯಾವ ರಸ್ತೆ, ಯಾರ ಜೊತೆ? ಶನಿವಾರ, ಬಸ್ ಸ್ಟ್ಯಾಂಡ್ ಪಕ್ಕ, ಸೆಂಟ್ರಿಂಗ್ ಕೆಲಸದವರ ಜೊತೆ ಅಂತ ಉತ್ತರ ಬಂತು. ಬಟವಾಡೆ ದುಡ್ಡು ಕೈಗೆ ಸಿಗುವುದೇ ವೈನ್ ಶಾಪ್ ಎದುರು. ಹಾಗಾದರೆ ದುಡ್ಡು ಬೇರೆ ರೀತಿ ಬರಬಹುದಾ ಅಂತ ಕೇಳಿದರು. ಕಂಟ್ರಾಕ್ಟರಿಗೆ ಹೇಳಿ ನನ್ನ ಫೋನ್‌ಪೇಗೆ ಹಾಕಿಸಿಕೊಂಡೆವು. ಸಂಜೆ ಮನೆಗೆ ಬರುವ ದಾರಿ ಬದಲಾಯಿತು. ಗೆಳೆಯರು ಕರೆದರೆ ಏನು ಹೇಳುತ್ತೀರಿ ಅಂತ ಕೇಳಿ, ಅಲ್ಲೇ ಹೇಳಿಸಿದರು. ‘ಬೇಡ ಕಣೋ, ಮಾತ್ರೆ ತಗೋತಿದೀನಿ’ ಅನ್ನುವಷ್ಟು ಹೇಳಲಿಕ್ಕೆ ನನ್ನ ಗಂಡ ತಡವರಿಸಿದರು. ಮತ್ತೆ ಮತ್ತೆ ಹೇಳಿಸಿದರು. ಕುಡಿಯಬೇಕು ಅನ್ನುವ ಆಸೆ ಏರಿದಷ್ಟೇ ಇಳಿದೂ ಹೋಗುತ್ತದೆ, ಅರ್ಧ ಗಂಟೆ ಹೇಗಾದರೂ ತಳ್ಳಿ, ಏನಾದರೂ ತಿನ್ನಿ, ಯಾರ ಹತ್ತಿರವಾದರೂ ಮಾತಾಡಿ ಅಂದರು. ನನಗೂ ಬೇರೆಯಾಗಿ ಹೇಳಿದರು: ಬಾಯಿ ವಾಸನೆ ನೋಡಬೇಡಿ, ಜೇಬು ತಡಕಬೇಡಿ, ಮಾತ್ರೆ ನುಂಗಿದ ದಿನ ಒಂದು ಒಳ್ಳೆ ಮಾತಾಡಿ.

ಒಂದು ಜಾತ್ರೆಯಲ್ಲಿ ಮತ್ತೆ ಕುಡಿದು ಬಂದರು. ನಾನು ಕುಸಿದು ಹೋದೆ. ಕೌನ್ಸೆಲರ್ ಮಾತ್ರ ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದರೆ ಹೇಗೆ ನೋಡುತ್ತಾರೋ ಹಾಗೆ ನೋಡಿದರು. ಯಾರು ಕರೆದರು, ಹೊಟ್ಟೆ ಹಸಿದಿತ್ತಾ, ಮಾತ್ರೆ ಯಾವಾಗ ತಪ್ಪಿತು? ಮಾತ್ರೆ ತಪ್ಪಿದ್ದು ಆಸ್ಪತ್ರೆಯಲ್ಲಿ ಸ್ಟಾಕ್ ಇರಲಿಲ್ಲ ಅಂತ!

ನನ್ನ ದೂರು ಇರುವುದು ಇಲ್ಲೇ. ನಾಲ್‌ಟ್ರೆಕ್ಸೋನ್ ಎಷ್ಟೋ ಸಲ ಇರುವುದಿಲ್ಲ, ಹೊರಗೆ ತಗೊಳ್ಳಿ ಅಂತ ಚೀಟಿ ಕೊಡುತ್ತಾರೆ. ಕೆಲವು ಮಂಗಳವಾರ ಮನೋವೈದ್ಯರನ್ನು ಬೇರೆ ಡ್ಯೂಟಿಗೆ ಹಾಕಿರುತ್ತಾರೆ, ಅದು ನಮಗೆ ತಿಳಿಯುವುದು ಅಲ್ಲಿಗೆ ಹೋದಮೇಲೆ. ಮಂಗಳವಾರ ಬೆಳಿಗ್ಗೆ ಅಂದರೆ ಕೂಲಿಯವರಿಗೆ ಆ ದಿನದ ಸಂಬಳ ಹೋಯಿತು. ಕೌನ್ಸೆಲಿಂಗ್ ನಡೆಯುವುದು ಇಂಜೆಕ್ಷನ್ ರೂಮಿನ ಪಕ್ಕ, ಒಂದು ಪರದೆ ಹಿಂದೆ. ಪರದೆ ಆಚೆ ಸಾಲಿನಲ್ಲಿ ಕೂತವರೆಲ್ಲ ನಮ್ಮ ಊರಿನವರೇ. ಹೆಂಗಸರಲ್ಲೂ ಕುಡಿಯುವವರಿದ್ದಾರೆ, ಆ ಪರದೆ ಹಿಂದೆ ಅವರು ಬಾಯಿ ಬಿಡುತ್ತಾರಾ? ಗಾಂಜಾಕ್ಕೆ ಬಿದ್ದ ಹುಡುಗರ ಅಪ್ಪ ಅಮ್ಮ ಈಗ ಇದೇ ಸಾಲಿಗೆ ಬರುತ್ತಿದ್ದಾರೆ. ಗಾಂಜಾ ಬಿಡಿಸಲಿಕ್ಕೆ ಅಂತಲೇ ಮಾತ್ರೆ ಇಲ್ಲ, ಮಾತಿನ ಚಿಕಿತ್ಸೆಯೇ ಮುಖ್ಯ. ಬಾಗಿಲಿರುವ ಒಂದು ಕೋಣೆ ಇಲ್ಲದೆ ಆ ಚಿಕಿತ್ಸೆ ಹೇಗೆ ನಡೆಯಬೇಕು?

ನಿಮ್ಹಾನ್ಸ್‌ಗೆ ಹೋಗಿ ಅನ್ನುವವರಿದ್ದಾರೆ. ಅಲ್ಲಿ ಒಳ್ಳೆಯ ಚಿಕಿತ್ಸೆ ಸಿಗುತ್ತದೆ. ಆದರೆ ಹೋಗಿ ಬರಲು ಇಡೀ ದಿನ ಬೇಕು. ಶಕ್ತಿ ಯೋಜನೆಯಿಂದ ನನಗೆ ಬಸ್ ಟಿಕೆಟ್ ದುಡ್ಡು ಉಳಿಯುತ್ತದೆ, ರೋಗಿಯಾದ ಗಂಡನಿಗೆ ಕೊಡಲೇಬೇಕು. ತಿಂಗಳುಗಟ್ಟಲೆ ಹೀಗೆ ಓಡಾಡಲು ಯಾರಿಂದ ಆಗುತ್ತದೆ? ಹತ್ತಿರದ ಆಸ್ಪತ್ರೆಯಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು ಇದೇ ನಿಮ್ಹಾನ್ಸ್‌ನವರು. ಆ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ದಾರಿ ತೋರಿಸಿದ ರಾಜ್ಯದಲ್ಲೇ ಮಾತ್ರೆ ಸ್ಟಾಕ್ ಇಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ಕಾನೂನೂ ನಮ್ಮ ಕಡೆಗೇ ಇದೆ. ನನ್ನ ಹತ್ತಿರ ಬಟ್ಟೆ ಹೊಲಿಸುವ ವಕೀಲರೊಬ್ಬರು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತೆಗೆದು ತೋರಿಸಿದರು. ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಅದರಲ್ಲಿ ಸೇರಿವೆ. 18ನೇ ಸೆಕ್ಷನ್ ಪ್ರಕಾರ, ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದೆಲ್ಲ ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕು. ಕುಡಿತದ ಮಾತ್ರೆಗಳನ್ನು ಆ ಪಟ್ಟಿಯಲ್ಲಿ ಇಟ್ಟು, ತಾಲ್ಲೂಕು ಆಸ್ಪತ್ರೆವರೆಗೂ ತಪ್ಪದೆ ತಲುಪಿಸಿ ಅನ್ನುವುದಷ್ಟೇ ನನ್ನ ಬೇಡಿಕೆ. ದುಡ್ಡಿಲ್ಲ ಅನ್ನಲು ಆಗುವುದಿಲ್ಲ. ನಮ್ಮ ರಾಜ್ಯಕ್ಕೆ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಜಾಸ್ತಿ ಬರುತ್ತಿದೆ. ಅದರಲ್ಲಿ ನಮ್ಮ ಮನೆಯ ದುಡ್ಡೂ ಇದೆ.

ಇದು ನಮ್ಮ ಒಂದು ಮನೆಯ ಗೋಳಲ್ಲ. ಕೇಂದ್ರ ಸರ್ಕಾರ ಏಮ್ಸ್‌ನವರಿಂದ ಮಾಡಿಸಿ 2019ರಲ್ಲಿ ಹೊರತಂದ ಸಮೀಕ್ಷೆ ಪ್ರಕಾರ, ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಉಳಿದ 37 ಮನೆಯವರು ಎಲ್ಲಿಗೆ ಹೋಗಬೇಕು? ಕೆಲವರು ಪುಡಿ ತರುತ್ತಾರೆ. ಕೆಲವರು ಸಾಲ ಮಾಡಿ ಖಾಸಗಿ ಕೇಂದ್ರಕ್ಕೆ ಕಳಿಸುತ್ತಾರೆ. ನಮ್ಮ ಪಕ್ಕದ ಬೀದಿಯ ಹುಡುಗನನ್ನು ರಾತ್ರೋರಾತ್ರಿ ಕೈಕಾಲು ಹಿಡಿದು ವ್ಯಾನಿಗೆ ಹಾಕಿಕೊಂಡು ಹೋದರು. ವಾಪಸ್ ಬಂದಾಗ ಬೆನ್ನ ಮೇಲೆ ಬಾಸುಂಡೆ ಇತ್ತು. ಇಳಿದ ವಾರವೇ ಮತ್ತೆ ಕುಡಿದ. ಎಲ್ಲ ಕೇಂದ್ರಗಳೂ ಹೀಗೆ ಅನ್ನುವುದಿಲ್ಲ. ದಾಖಲಾಗಲೇಬೇಕಾದವರೂ ಇದ್ದಾರೆ. ಆದರೆ ಅಲ್ಲಿಂದ ಬಂದಮೇಲೆ ಊರಿನಲ್ಲಿ ಮಾತ್ರೆ, ಮಾತು ಎರಡೂ ಮುಂದುವರಿಯಬೇಕು. ಮದ್ಯವರ್ಜನ ಶಿಬಿರ ಮುಗಿಸಿ ಬಂದವರಿಗೂ ಅಷ್ಟೇ.

ಆರೋಗ್ಯ ಇಲಾಖೆಗೆ ಇನ್ನೂ ಎರಡು ಮಾತು. ತಿಂಗಳಿಗೆ ಒಂದಾದರೂ ಭಾನುವಾರ ಅಥವಾ ಸಂಜೆ ಹೊತ್ತು ಈ ಓಪಿಡಿ ನಡೆಸಿ. ಅಲ್ಲಿ ಕುಡಿತ ಬಿಡಿಸುವ ಚಿಕಿತ್ಸೆಯೂ ಸಿಗುತ್ತದೆ ಅಂತ ಆಸ್ಪತ್ರೆ ಗೇಟಿನಲ್ಲಿ, ಪಡಿತರ ಅಂಗಡಿಯಲ್ಲಿ, ಎಂಎಸ್‌ಐಎಲ್ ಮದ್ಯದಂಗಡಿ ಮುಂದೆಯೂ ದೊಡ್ಡ ಅಕ್ಷರದಲ್ಲಿ ಬರೆಸಿ.

ಸಂಪಾದಕರೇ, ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ವ್ಯಸನದ ವಿಷಯಕ್ಕೇ ಬೇರೆಯಾಗಿ 14446 ಇದೆ. ಜಾಗ ಸಾಲದಿದ್ದರೆ ನಮ್ಮ ಮನೆಯ ವಿಷಯ ತೆಗೆದುಹಾಕಿ. ಪುಡಿಯ ವಿಷಯ, ದಿಢೀರ್ ನಿಲ್ಲಿಸುವ ಅಪಾಯ ಮತ್ತು ಈ ಎರಡು ನಂಬರ್ ದಯವಿಟ್ಟು ಹಾಗೆಯೇ ಇರಲಿ.

ಒಬ್ಬ ಓದುಗಳು, ತುಮಕೂರು ಜಿಲ್ಲೆ
(ಹೆಸರು, ಊರು ಪ್ರಕಟಿಸಬೇಡಿ. ಪತ್ರ ಕಳಿಸಲು ನನ್ನ ಗಂಡ ಒಪ್ಪಿದ್ದಾರೆ.)