ಗಾಳಿ ಎತ್ತುತ್ತದೆ, ಆಯಸ್ಕಾಂತ ಗುಳ್ಳೆ ತಡೆಯುತ್ತದೆ

ಸಂಪಾದಕರೇ,

ಭಾನುವಾರದ ನಿಮ್ಮ ವಿಜ್ಞಾನ ಪುಟದಲ್ಲಿ ಆಯಸ್ಕಾಂತದ ಉಪಯೋಗಗಳ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಆದರೆ ಕೆಳಗಿನಿಂದ ಬಿಟ್ಟ ಗಾಳಿಯಲ್ಲಿ ಪುಡಿ ತೇಲಾಡುವ ಫ್ಲೂಯಿಡೈಸ್ಡ್ ಬೆಡ್‌ನಲ್ಲಿ ‘ಆಯಸ್ಕಾಂತ ಕಣಗಳನ್ನು ಎತ್ತಿ ಹಿಡಿಯುತ್ತದೆ’ ಎಂಬ ಮಾತು ಸರಿಯಲ್ಲ. ಎತ್ತುವುದು ಗಾಳಿ. ಆಯಸ್ಕಾಂತದ ಕೆಲಸವೇ ಬೇರೆ.

ಮಾತ್ರೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ವರ್ಷಗಟ್ಟಲೆ ಫ್ಲೂಯಿಡೈಸ್ಡ್ ಬೆಡ್ ಡ್ರೈಯರ್, ಅಂದರೆ ಎಫ್‌ಬಿಡಿ ನೋಡಿಕೊಂಡವನು. ಒದ್ದೆ ಪುಡಿಯ ಕೆಳಗಿನಿಂದ ಬಿಸಿ ಗಾಳಿ ಬಿಟ್ಟು ಒಣಗಿಸುವ ಯಂತ್ರ ಅದು. ಗಾಳಿಯ ವೇಗ ಒಂದು ಹದಕ್ಕೆ ಬಂದರೆ ಪುಡಿ ನೀರಿನ ಹಾಗೆ ಆಡುತ್ತದೆ. ಇನ್ನೂ ಜಾಸ್ತಿ ಮಾಡಿದರೆ ಗಂಜಿ ಕುದಿದ ಹಾಗೆ ಬುಳುಬುಳು ಗುಳ್ಳೆ. ಗುಳ್ಳೆಯೊಳಗಿನ ಗಾಳಿ ಪುಡಿಯನ್ನು ಸರಿಯಾಗಿ ಮುಟ್ಟದೆ ಮೇಲೆ ಹೋಗಿಬಿಡುತ್ತದೆ. ಒಣಗಿಸುವಾಗ ಇದು ಅಷ್ಟೇನೂ ತೊಂದರೆ ಕೊಡಲಿಲ್ಲ. ಅನಿಲವನ್ನು ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಮೇಲೆ ಹಾಯಿಸಿ ಬೇರೆ ವಸ್ತು ಮಾಡುವ ಕಡೆ ಅದು ನೇರವಾಗಿ ನಷ್ಟವೇ.

ಅಮೆರಿಕದ ಎಕ್ಸಾನ್ ಕಂಪನಿಯ ರೊನಾಲ್ಡ್ ರೋಸೆನ್ಸ್ವೈಗ್ 1979ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಈ ಗುಳ್ಳೆಯನ್ನು ಕಾಂತದಿಂದ ತಡೆಯುವ ಬಗ್ಗೆಯೇ. (ಸೋವಿಯತ್ ಒಕ್ಕೂಟದ ಫಿಲಿಪ್ಪೋವ್ ಎಂಬವರು 1960ರ ಸುಮಾರಿಗೇ ಇಂಥ ಪ್ರಯೋಗ ಮಾಡಿದ್ದರು. ಅವರನ್ನು ನೆನೆಸುವವರು ಕಡಿಮೆ.) ಕಬ್ಬಿಣದಂಥ ಕಣ ತುಂಬಿದ ಕೊಳವೆಯ ಸುತ್ತ ತಂತಿಯ ಸುರುಳಿ ಸುತ್ತಿ ಕರೆಂಟ್ ಹರಿಸಬೇಕು. ಒಳಗೆ ಎಲ್ಲ ಕಡೆ ಒಂದೇ ಸಮನಾದ ಕಾಂತಕ್ಷೇತ್ರ ಇರಬೇಕು. ಸ್ವಾರಸ್ಯ ಇರುವುದು ಇಲ್ಲೇ. ಕ್ಷೇತ್ರ ಸಮನಾಗಿದ್ದರೆ ಒಂಟಿ ಕಬ್ಬಿಣದ ಕಣವನ್ನು ಅದು ಮೇಲಕ್ಕೂ ಎಳೆಯುವುದಿಲ್ಲ, ಕೆಳಕ್ಕೂ ಎಳೆಯುವುದಿಲ್ಲ. ಆದರೆ ಪ್ರತಿ ಕಣವೂ ಪುಟ್ಟ ಆಯಸ್ಕಾಂತವಾಗಿ ಪಕ್ಕದ ಕಣದ ಮೇಲೆ ಹಿಡಿತ ಸಾಧಿಸುತ್ತದೆ. ಗುಳ್ಳೆ ಹುಟ್ಟಬೇಕಾದರೆ ಕಣಗಳು ದೂರ ಸರಿದು ಜಾಗ ಬಿಡಬೇಕಲ್ವಾ? ಈ ಹಿಡಿತ ಅದಕ್ಕೆ ಬಿಡುವುದಿಲ್ಲ. ಒಂದು ಮಿತಿಯವರೆಗೆ ಗಾಳಿ ಜಾಸ್ತಿ ಮಾಡಿದರೂ ಬೆಡ್ ಉಬ್ಬಿ ಶಾಂತವಾಗಿ ನಿಲ್ಲುತ್ತದೆ, ಆಗಲೂ ದ್ರವದ ಹಾಗೆ ಹರಿಯುತ್ತದೆ. ಕ್ಷೇತ್ರ ಅತಿಯಾದರೆ ಮಾತ್ರ ಕಣಗಳು ಸರಪಳಿ ಕಟ್ಟಿಕೊಂಡು ಎಲ್ಲ ಗಟ್ಟಿಯಾಗಿಬಿಡುತ್ತದೆ.

ಇಷ್ಟು ಒಳ್ಳೆಯದಾದರೆ ಪೆಟ್ರೋಲ್ ರಿಫೈನರಿಗಳಲ್ಲಿ ಯಾಕಿಲ್ಲ? ಅಲ್ಲಿನ ಕ್ಯಾಟಲಿಸ್ಟ್ ಪುಡಿ ಕಾಂತಕ್ಕೆ ಸ್ಪಂದಿಸುವುದಿಲ್ಲ. ಕಬ್ಬಿಣ ಬೆರೆಸೋಣ ಎಂದರೆ ಬಿಸಿ ಅಡ್ಡ ಬರುತ್ತದೆ. ಕಬ್ಬಿಣದ ಕಾಂತಗುಣ ಬಿಸಿ ಏರಿದಂತೆ ಕುಗ್ಗುತ್ತಾ 770 ಡಿಗ್ರಿಗೆ ಪೂರ್ತಿ ಹೋಗುತ್ತದೆ, ನಿಕಲ್‌ಗೆ 360 ಡಿಗ್ರಿಯ ಹತ್ತಿರವೇ ಮುಗಿಯಿತು. ಕ್ಯಾಟಲಿಸ್ಟನ್ನು ಸುಟ್ಟು ಶುದ್ಧಮಾಡುವ ರಿಜನರೇಟರಿನ ಬಿಸಿಯೇ 700ರ ಆಸುಪಾಸು. ಚೀನಾದ ಸಿನೋಪೆಕ್ ಕಂಪನಿ ಜಾಣತನದಿಂದ ಬೇರೆ ಕಡೆ ಹೋಯಿತು. ನೈಲಾನಿನ ಕಚ್ಚಾವಸ್ತು ಕ್ಯಾಪ್ರೊಲ್ಯಾಕ್ಟಮ್ ಶುದ್ಧಮಾಡಲು ಇಂಥದೇ ಕಾಂತದ ಬೆಡ್ಡಿನಲ್ಲಿ ನಿಕಲ್ ಮಿಶ್ರಲೋಹದ ಕ್ಯಾಟಲಿಸ್ಟ್ ಬಳಸಿತು. ಅಲ್ಲಿ ಬಿಸಿ ಕಡಿಮೆ, ಕ್ಯಾಟಲಿಸ್ಟೇ ಕಾಂತಗುಣದ್ದು. ಕಾರ್ಖಾನೆ ಮಟ್ಟದಲ್ಲೇ ಅದು ನಡೆಯಿತು.

ನನ್ನ ಕೋರಿಕೆ ಕೆಮಿಕಲ್ ಎಂಜಿನಿಯರಿಂಗ್ ಕಲಿಸುವ ಮೇಷ್ಟ್ರುಗಳಿಗೆ. ನನ್ನ ತಂಗಿಯ ಮಗಳು ಕೊನೆಯ ವರ್ಷದಲ್ಲಿದ್ದಾಳೆ. ಅವರ ಲ್ಯಾಬಿನ ಗಾಜಿನ ಕೊಳವೆಯಲ್ಲಿ ಇಂದಿಗೂ ಮರಳು, ಗಾಳಿ, ಒತ್ತಡ ಅಳೆಯುವ ಒಂದು ಮ್ಯಾನೊಮೀಟರ್ ಅಷ್ಟೇ. ಅದೇ ಕೊಳವೆಗೆ ಉದ್ದದ ಸುರುಳಿ ಸುತ್ತಿಸಿ. ಮರಳಿನ ಬದಲು ಕಬ್ಬಿಣದ ಕಾಳು ಹಾಕಿಸಿ. ನುಣ್ಣನೆ ಪುಡಿ ಬೇಡ, ಬೆಂಕಿ ಹಿಡಿಯುವ ಅಪಾಯ ಇದೆ. ಸುರುಳಿ ಒಂದೇ ಕಡೆ ಗಿಡ್ಡಗೆ ಸುತ್ತಿದರೆ ಕಾಳೆಲ್ಲ ಅಲ್ಲೇ ಹೋಗಿ ಅಂಟುತ್ತದೆ. ಕರೆಂಟ್ ಮೊದಲು ಹರಿಸಿ, ಆಮೇಲೆ ಗಾಳಿಯ ವಾಲ್ವ್ ನಿಧಾನಕ್ಕೆ ತೆಗೆಯಲಿ. ನಡುವೆ ಸ್ವಿಚ್ ಆರಿಸಿದರೆ ಗುಳ್ಳೆ ಎದ್ದು ಬರುವುದು ಹಿಂದಿನ ಬೆಂಚಿನವರಿಗೂ ಕಾಣುತ್ತದೆ.

— ಒಬ್ಬ ನಿವೃತ್ತ ಶಿಫ್ಟ್ ಇನ್‌ಚಾರ್ಜ್, ಬೆಂಗಳೂರು