ಎಚ್‌ಐವಿಗೆ ಸ್ಟೆಮ್ ಸೆಲ್: ಅರ್ಧಸತ್ಯ

ಮಾನ್ಯರೇ,

ಸ್ಟೆಮ್ ಸೆಲ್ (ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ) ಕಸಿಯಿಂದ ಎಚ್‌ಐವಿ ವಾಸಿಯಾಗುತ್ತದೆ ಎಂಬ ಮಾತು ಅರ್ಧಸತ್ಯ. 2007ರಲ್ಲಿ ಬರ್ಲಿನ್‌ನಲ್ಲಿ ಕಸಿಗೆ ಒಳಗಾದ ಟಿಮೊತಿ ರೇ ಬ್ರೌನ್ ಎಚ್‌ಐವಿಯಿಂದ ಮುಕ್ತರಾದದ್ದು ನಿಜ. ಆದರೆ ಆ ಕಸಿ ನಡೆದದ್ದು ರಕ್ತ ಕ್ಯಾನ್ಸರ್‌ಗಾಗಿ. ದಾನಿಯ ಸಿಸಿಆರ್5 ಜೀನಿನ ಎರಡೂ ಪ್ರತಿಗಳಲ್ಲಿ 32 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ತುಣುಕು ಇರಲಿಲ್ಲ. ಹಾಗಾಗಿ ಹೊಸ ರಕ್ತಕಣಗಳಲ್ಲಿ ವೈರಸ್ ಸಾಮಾನ್ಯವಾಗಿ ಒಳನುಗ್ಗುವ ಸಿಸಿಆರ್5 ಎಂಬ ಬಾಗಿಲೇ ಇಲ್ಲವಾಯಿತು. ಇಂಥ ಜೀನ್ ಇರುವವರು ಉತ್ತರ ಯುರೋಪ್ ಮೂಲದವರಲ್ಲೇ ನೂರಕ್ಕೆ ಒಬ್ಬರು ಸಿಕ್ಕಾರು, ಜೊತೆಗೆ ದಾನಿ-ರೋಗಿಗಳ ಎಚ್‌ಎಲ್‌ಎ (ಕೋಶಗಳ ಮೇಲಿನ ಗುರುತು) ಬೇರೆ ಹೊಂದಬೇಕು.

ಕಸಿಗೆ ಮುನ್ನ ಕಿಮೊಥೆರಪಿ, ಕೆಲವೊಮ್ಮೆ ವಿಕಿರಣದಿಂದ ಹಳೆಯ ಅಸ್ಥಿಮಜ್ಜೆಯನ್ನು ಅಳಿಸುತ್ತಾರೆ. ರೋಗನಿರೋಧಕ ಶಕ್ತಿ ಕುಸಿದ ಆ ಹೊತ್ತಿನಲ್ಲಿ ತಗಲುವ ಸಾಮಾನ್ಯ ಸೋಂಕೂ ಜೀವಕ್ಕೆ ಎರವಾದೀತು. ಮುಂದೆ ದಾನಿಯ ಕೋಶಗಳೇ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ಎರಗಬಹುದು. ಸಿಎಕ್ಸ್‌ಸಿಆರ್4 ಎಂಬ ಇನ್ನೊಂದು ಬಾಗಿಲು ಬಳಸುವ ವೈರಸ್ ಉಳಿದಿದ್ದರೆ ಇಷ್ಟೆಲ್ಲ ಮಾಡಿಯೂ ಅದು ಮರಳಬಹುದು. ವೈರಸ್ ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳಿಂದ ಸೋಂಕು ಹತೋಟಿಯಲ್ಲಿರುವವರಿಗೆ ಈ ಉಸಾಬರಿ ಯಾಕೆ?