ಶಾಂತಳ್ಳಿ ಮಾವ ಹೇಳಿದ್ದರಲ್ಲಿ ತಪ್ಪೇನಿದೆ ಅಮ್ಮ?

ಉಟ್ರೆಕ್ಟ್, ನೆದರ್‌ಲ್ಯಾಂಡ್ಸ್, ಡಿಸೆಂಬರ್ 9

ಅಮ್ಮ, ಅಪ್ಪ, ಇಬ್ಬರಿಗೂ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಜ್ಜಿಗೂ ಹೇಳು. ಇದನ್ನು ಪುಟ್ಟನ ಮೇಲ್‌ಗೆ ಹಾಕಿದ್ದೇನೆ, ಅವನು ಅಪ್ಪನ ಎದುರು ಪೂರ್ತಿ ಓದಲಿ, ಒಂದು ಸಾಲೂ ಬಿಡಬಾರದು.

ನಿನ್ನ ಪತ್ರ ಓದಿ ಎರಡು ರಾತ್ರಿ ನಿದ್ದೆ ಇಲ್ಲ. ಪೂರ್ತಿ ಶಾಂತಳ್ಳಿ ಮಾವನ ಮೇಲಿನ ಸಿಟ್ಟನ್ನೇ ಬರೆದು, ಅಪ್ಪನ ಕಾಲಿನ ಗಾಯವನ್ನು ಕೊನೆಯ ಎರಡು ಸಾಲಿಗೆ ಸೇರಿಸಿದ್ದೀಯ. ಹುತ್ತರಿ ಹಬ್ಬದ ದಿನ ನೆಂಟರೆಲ್ಲ ಕೂತಿದ್ದಾಗ ಮಾವ, "ಶುಗರ್ ಇಟ್ಕೊಂಡು ಎರಡನೇ ಸಲ ಪಾಯಸ ಹಾಕಿಸ್ಕೊಳ್ತೀಯ, ಆ ಗಾಯ ತಿಂಗಳಾದ್ರೂ ಒಣಗಿಲ್ಲ, ಕಾಲು ಕಳ್ಕೊಳ್ತೀಯ ನೋಡು" ಅಂದರಂತೆ. ಎಲ್ಲರ ಎದುರು ಹೇಳಬಾರದಿತ್ತು, ಒಪ್ಪುತ್ತೇನೆ. ಆದರೆ ಅಷ್ಟು ಜನರಲ್ಲಿ ಬೇರೆ ಯಾರಿಗೂ ಆ ಗಾಯ ಕಾಣಲಿಲ್ಲವಾ? ಕಂಡಿರುತ್ತದೆ. ಸುಮ್ನೆ ಊಟ ಮಾಡಿ ಎದ್ದು ಹೋದರು.

ಕೆಳಗಿನ ತೋಟದ ಅರೇಬಿಕಾ ಕಾಫಿ ಗಿಡಗಳು ಹಳದಿಯಾಗಿದ್ದು ನೆನಪಿದೆಯಾ? ಆಗ ನಾನು ಹೈಸ್ಕೂಲಿನಲ್ಲಿದ್ದೆ. ಗೊಬ್ಬರ ಸಾಲದು ಅಂತ ಅಪ್ಪ. ಮಾವ ಕಾಂಡದ ಮೇಲಿನ ಉಬ್ಬು ಗೆರೆ ತೋರಿಸಿ, "ಇದು ಬೋರರ್ ಹುಳ, ಕಿತ್ತು ಸುಡು, ಮರಗಸಿ ಜಾಸ್ತಿ ಮಾಡಿಸಿ ನೆರಳು ತೆಗೆದವನು ನೀನೇ" ಅಂದರು. ಹದಿನೈದು ದಿನ ಮಾತಿಲ್ಲ. ಆಮೇಲೆ ಒಂದು ಗಿಡ ಕಿತ್ತು ಸೀಳಿದರೆ ಒಳಗೆಲ್ಲ ಹುಳ ಕೊರೆದ ದಾರಿ, ಹೊಟ್ಟು ತುಂಬಿಕೊಂಡು ಬೇರಿನ ತನಕ ಹೋಗಿತ್ತು. ಅವತ್ತು ಸಂಜೆ ಅಪ್ಪ ತಾವೇ ನಡೆದುಕೊಂಡು ಮಾವನ ಮನೆಗೆ ಹೋಗಿ ಬಂದರು.

ಇಲ್ಲಿಯ ಜನ ಹೀಗೆಯೇ ಅಮ್ಮ, ಮುಖಕ್ಕೆ ಹೇಳಿಬಿಡುತ್ತಾರೆ. ಬೆಳಗ್ಗೆ ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ತಿನ್ನುತ್ತಾರೆ, ದೊಡ್ಡವರೂ! ಡಿಸೆಂಬರ್ 5ರ ಸಂಜೆ ಸಿಂಟರ್‌ಕ್ಲಾಸ್ ಹಬ್ಬ. ಚೀಟಿ ಎತ್ತಿ ಒಬ್ಬರಿಗೊಬ್ಬರು ಉಡುಗೊರೆ ಕೊಡಬೇಕು, ಜೊತೆಗೆ ಅವರ ಗುಣ, ಕುಂದು ಹೇಳುವ ಪದ್ಯ. ಬರೆದವರ ಹೆಸರು ಇರಲ್ಲ, ನಮ್ಮ ಪದ್ಯವನ್ನು ನಾವೇ ಗಟ್ಟಿಯಾಗಿ ಓದಬೇಕು. ನನ್ನದರಲ್ಲಿ, ಇವಳು ಎಲ್ಲದಕ್ಕೂ ಆಯ್ತು ಅಂತಾಳೆ, ಮನಸ್ಸಲ್ಲಿ ಇರೋದು ಬೇರೆ ಅಂತಿತ್ತು. ಮುಖ ಬಿಸಿಯಾಯಿತು. ಆದರೆ ನನ್ನನ್ನು ಇಷ್ಟು ಗಮನಿಸಿದವರು ಯಾರೋ ಇದ್ದಾರಲ್ಲ ಅಂತ ಸಮಾಧಾನವೂ ಆಯಿತು.

ಯಾಕೆ ಹೇಳಿದೆ ಅಂದರೆ, ದೀಪಾವಳಿ ದಿನ ವಿಡಿಯೊ ಕಾಲ್‌ನಲ್ಲಿ ಅಪ್ಪನ ಕಾಲಿಗೆ ಬಟ್ಟೆ ಸುತ್ತಿದ್ದು ನನಗೂ ಕಂಡಿತ್ತು. ಹಬ್ಬದ ದಿನ ಯಾಕೆ ಅಂತ ಬಾಯಿ ಬಿಡಲಿಲ್ಲ. ಮಗಳಾಗಿ ನಾನು ಹೇಳಬೇಕಿದ್ದನ್ನು ಮಾವ ಹೇಳಿ, ನಿಮ್ಮೆಲ್ಲರ ಸಿಟ್ಟನ್ನೂ ಅವರೇ ಹೊತ್ತುಕೊಂಡಿದ್ದಾರೆ. ನನಗೆ ತುಂಬಾ ನಾಚಿಕೆಯಾಗುತ್ತಿದೆ.

ಅಪ್ಪ, ನೋವಿಲ್ಲ ಅಂತ ನೀವು ಧೈರ್ಯ ತಗೋಬೇಡಿ. ಶುಗರ್ ಇದ್ದವರಿಗೆ ಎಷ್ಟೋ ಸಲ ಕಾಲಿನ ನರ ಸೋತು ನೋವು ಗೊತ್ತಾಗುವುದೇ ಇಲ್ಲ, ಒಳಗೆ ಕೀವು ಏರುತ್ತಿರಬಹುದು. ಕುಯ್ಲು ಮುಗಿಯಲಿ ಅನ್ನಬೇಡಿ. ಹಣ್ಣು ನಾಲ್ಕು ದಿನ ಗಿಡದಲ್ಲೇ ಇರಲಿ. ನಾಳೆಯೇ ಮಡಿಕೇರಿ ಆಸ್ಪತ್ರೆಗೆ ಹೋಗಿ ಗಾಯ ತೋರಿಸಿ, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆಯನ್ನೂ ಮಾಡಿಸಿ. ಕಣದಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ಮಾವನ ಜೀಪಿನಲ್ಲೇ ಹೋಗಿ, ನೀವೇ ಫೋನ್ ಮಾಡಿ ಕರೆಯಿರಿ. ಅವರು ಬೇಡ ಅನ್ನಲ್ಲ.

ದುಡ್ಡು ಕಳಿಸಿದ್ದೇನೆ, ಸಾಲದಿದ್ದರೆ ಇನ್ನೂ ಕಳಿಸುತ್ತೇನೆ, ನನಗೆ ಇಲ್ಲಿ ಏನೂ ಕಷ್ಟವಿಲ್ಲ. ಬೆಚ್ಚಗಿನ ಜಾಕೆಟ್ ಇದೆ, ಅನ್ನ ಸಾರು ದಿನಾ ಮಾಡುತ್ತೇನೆ, ಜ್ವರ ಪೂರ್ತಿ ಹೋಗಿದೆ, ನಿಜವಾಗಿ ಹೋಗಿದೆ. ರೈಲಿಗೆ ಹೊತ್ತಾಯಿತು. ನಾಳೆ ರಾತ್ರಿ ಫೋನ್ ಮಾಡುತ್ತೇನೆ, ಡಾಕ್ಟರ್ ಚೀಟಿ ಕೈಯಲ್ಲಿ ಇಟ್ಕೊಂಡಿರು.

ನಿನ್ನ ಮಗಳು